ಕಣ್ಣಿಗೆ ಭತ್ತದ ಗರಿ ತಾಗಿದಾಗ



ಹುತ್ತರಿ ಕಳೆದರೆ ಕೊಡಗಿನಲ್ಲಿ ಗದ್ದೆ ಕೊಯ್ಲಿನ ಭರಾಟೆ. ಬಗ್ಗಿ ಕೊಯ್ಯುವಾಗ ಭತ್ತದ ಗರಿ ಕಣ್ಣಿಗೆ ಗೀರುತ್ತದೆ; ತೂರುವಾಗ ಹೊಟ್ಟು ಬೀಳುತ್ತದೆ. "ಇಷ್ಟಕ್ಕೆಲ್ಲಾ ಡಾಕ್ಟರೇ? ಕೊಯ್ಲು ಮುಗೀಲಿ" ಅಂತೀರಿ. ನಾವು ಎಡವೋದು ಅಲ್ಲೇ.

ಗರಿ, ಹೊಟ್ಟುಗಳಲ್ಲಿ ಬೂಷ್ಟಿನ ಬೀಜಕಣಗಳು ಇರುತ್ತವೆ. ಬೆಳೆಗೆ ರೋಗ ತಗಲಿದ ಹಾಗೆ ಅವು ಗೀರಿದ ಜಾಗದಲ್ಲಿ ಬೆಳೆದು, ಕೆಲವು ದಿನಗಳಲ್ಲಿ ಕರಿಗುಡ್ಡೆಯ ಮೇಲೆ ಹುಣ್ಣು ಮಾಡಬಹುದು. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ದೃಷ್ಟಿ ಹೋದೀತು.

ಸಾಧಾರಣ ಕಣ್ಣುಬೇನೆಯಲ್ಲಿ ಪಿಸುರು ಒರೆಸಿದರೆ ದೃಷ್ಟಿ ತಿಳಿಯಾಗುತ್ತದೆ. ಆದರೆ ನೋವು ಹೆಚ್ಚುತ್ತಾ ಹೋದರೆ, ಬೆಳಕು ನೋಡಲಾಗದಿದ್ದರೆ, ಮಂಜು ಕವಿದಂತಾದರೆ, ಕರಿಗುಡ್ಡೆಯಲ್ಲಿ ಬಿಳಿ ಚುಕ್ಕೆ ಕಂಡರೆ, ಅದೇ ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ. ಗರಿ ತಾಗಿತ್ತೆಂದು ಮರೆಯದೆ ಹೇಳಿ. ಕೊಡುವ ಔಷಧಿ ಅದರ ಮೇಲೆ ನಿಂತಿದೆ.

ಕಣ್ಣು ಉಜ್ಜಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬೇಡಿ. ಮನೆಯಲ್ಲುಳಿದ ಹಳೇ ಹನಿ ಔಷಧಿಯೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಂಡು, ಒಳಗೆ ಬೂಷ್ಟು ಹಬ್ಬುತ್ತದೆ.

ಇನ್ನೊಂದು ಮಾತು. ಕಾಫಿ, ಕರಿಮೆಣಸಿಗೆ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಿಡಿದರೆ ಒಂದು ನಿಮಿಷವೂ ತಡ ಮಾಡಬೇಡಿ. ಸುಣ್ಣ ಸುಡುತ್ತಾ ಕಣ್ಣಿನೊಳಕ್ಕೆ ಇಳಿಯುತ್ತದೆ. ರೆಪ್ಪೆ ಬಿಡಿಸಿ ಹಿಡಿದು 30 ನಿಮಿಷ ಶುದ್ಧ ನೀರು ಹರಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಕೊಯ್ಲು ಎರಡು ದಿನ ಕಾದೀತು, ಕಣ್ಣು ಕಾಯದು.