ನೋವಿನ ಮಾತ್ರೆ ನುಂಗುವ ಮುನ್ನ ಶುಗರ್ ನೆನಪಿರಲಿ

ಗಾಂಧಿ ಬಜಾರಿನಿಂದ ತರಕಾರಿ ಚೀಲ ಹೊತ್ತು ತಂದು ಮೆಟ್ಟಿಲು ಹತ್ತುವಾಗ ಮಂಡಿ 'ಅಯ್ಯೋ' ಅನ್ನುತ್ತದೆ. ಮೂಲೆಯ ಮೆಡಿಕಲ್ ಶಾಪ್‌ನಲ್ಲಿ ಒಂದು ಪೇನ್ ಕಿಲ್ಲರ್ ತಗೊಂಡು ನುಂಗುತ್ತೀರಿ. ನೋವು ಮಾಯ! ಆದರೆ ನಿಮಗೋ, ಮನೆಯ ಹಿರಿಯರಿಗೋ ಸಕ್ಕರೆ ಕಾಯಿಲೆ ಇದ್ದರೆ ಒಂದು ನಿಮಿಷ ತಡೆಯಿರಿ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಅತ್ತೆಯವರಿಗೆ ಮಂಡಿನೋವಿಗೆಂದು ಇಂಜೆಕ್ಷನ್ ಕೊಡಿಸಿದೆವು. ಎರಡೇ ದಿನಕ್ಕೆ ಸಲೀಸಾಗಿ ಓಡಾಡತೊಡಗಿದರು. ಜೊತೆಗೇ ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಬಚ್ಚಲಿಗೆ ಏಳುವುದು ಶುರುವಾಯಿತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಶುಗರ್ 138. 'ಪರವಾಗಿಲ್ಲ' ಅಂದುಕೊಂಡೆವು. ಊಟವಾಗಿ ಎರಡು ಗಂಟೆಗೆ ನೋಡಿದರೆ 342! ಇಂಜೆಕ್ಷನ್‌ನಲ್ಲಿದ್ದದ್ದು ಸ್ಟೆರಾಯ್ಡ್. ಶುಗರ್ ಇದೆಯೇ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಎರಡು ಬಗೆ

ನೋವು, ಊತ ಇಳಿಸುವ ಔಷಧಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಮುಂತಾದವು ಸ್ಟೆರಾಯ್ಡ್‌ಗಳು. ಇವು ಲಿವರ್‌ನಿಂದ ಹೆಚ್ಚು ಸಕ್ಕರೆ ರಕ್ತಕ್ಕೆ ಬರುವಂತೆ ಮಾಡುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡಿಪಡಿಸುತ್ತವೆ. ಬೆಳಗ್ಗೆ ಮಾತ್ರೆ ತಗೊಂಡರೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಶುಗರ್ ಏರುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಬ್ಲ್ಯಾಕ್ ಫಂಗಸ್ ರೋಗಿಗಳಿಂದ ತುಂಬಿದ್ದು ನೆನಪಿದೆಯಲ್ಲ? ಹತೋಟಿ ತಪ್ಪಿದ ಸಕ್ಕರೆ, ಸ್ಟೆರಾಯ್ಡ್ ಬಳಕೆ ಎರಡೂ ಅದಕ್ಕೆ ದಾರಿ ಮಾಡಿಕೊಟ್ಟಿದ್ದವು.

ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಇನ್ನೊಂದು ಬಗೆ. ಇವು ಸಾಮಾನ್ಯವಾಗಿ ಶುಗರ್ ಏರಿಸುವುದಿಲ್ಲ. ಆದರೆ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ಜೊತೆ ಸೇರಿದರೆ ಕೆಲವರಿಗೆ ಸಕ್ಕರೆ ತೀರಾ ಇಳಿಯಬಹುದು. ಅದಕ್ಕಿಂತ ದೊಡ್ಡ ಭಯ ಕಿಡ್ನಿಯದು. ಸಕ್ಕರೆ ಕಾಯಿಲೆಯಿಂದ ಮೊದಲೇ ಬಳಲಿದ ಕಿಡ್ನಿಗೆ ದಿನವೂ ನುಂಗುವ ಪೇನ್ ಕಿಲ್ಲರ್ ಇನ್ನಷ್ಟು ಪೆಟ್ಟು ಕೊಡುತ್ತದೆ.

ಇಷ್ಟು ಮಾಡಿ

* ಮಾತ್ರೆಯೋ ಇಂಜೆಕ್ಷನ್ನೋ, 'ಇದರಲ್ಲಿ ಸ್ಟೆರಾಯ್ಡ್ ಇದೆಯೇ?' ಎಂದು ಡಾಕ್ಟರನ್ನು ಕೇಳಿ. ನೀವು ತಗೊಳ್ಳುವ ಶುಗರ್, ಬಿ.ಪಿ. ಮಾತ್ರೆಗಳ ಚೀಟಿ ತೋರಿಸಿ.

* ಸ್ಟೆರಾಯ್ಡ್ ತಗೊಂಡಿದ್ದರೆ ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ಸಾಲದು. ಊಟದ ನಂತರವೂ, ಸಂಜೆಯೂ ನೋಡಿ.

* ಹೆದರಿ ಸ್ಟೆರಾಯ್ಡ್ ಮಾತ್ರೆಯನ್ನು ನೀವೇ ತಟ್ಟನೆ ನಿಲ್ಲಿಸಬೇಡಿ. ಅದೂ ಅಪಾಯ.

* ಬೆವರು, ಕೈನಡುಕ, ತಲೆಸುತ್ತು ಬಂದರೆ ಸಕ್ಕರೆ ಇಳಿದಿರಬಹುದು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

* ಹೆಸರು, ಲೇಬಲ್ ಇಲ್ಲದ ಮಂಡಿನೋವಿನ ಪುಡಿ ಬೇಡ. ಇಂಥವಕ್ಕೆ ಸ್ಟೆರಾಯ್ಡ್ ಬೆರೆಸಿರುವುದುಂಟು.

* ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ನಿಮಗೂ ಒಗ್ಗಬೇಕೆಂದಿಲ್ಲ.

ಅತ್ತೆಯವರ ಶುಗರ್ ಡಾಕ್ಟರ ಸಲಹೆಯಂತೆ ನಡೆದು ಹತ್ತು ದಿನದಲ್ಲಿ ಹತೋಟಿಗೆ ಬಂತು. ಈಗ ಯಾವ ಕ್ಲಿನಿಕ್ಕಿಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲೇ 'ನಂಗೆ ಶುಗರ್ ಇದೆ ಡಾಕ್ಟ್ರೇ' ಅಂತಾರೆ. ನೀವೂ ಅದನ್ನೇ ರೂಢಿ ಮಾಡಿಕೊಳ್ಳಿ.