ಬೀಗ ಹಾಕಿದ ಫೋನು: ಅಗ್ಗವೂ ಹೌದು, ಕಗ್ಗಂಟೂ ಹೌದು

ಮೊಬೈಲ್ ಫೋನು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಬೆಲೆಯನ್ನು. ಆದರೆ ಶಿರಸಿ ತಾಲೂಕಿನ ಭೈರುಂಬೆಯಂಥ ಊರಿನವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ‘ಇದಕ್ಕೆ ಯಾವ ಕಂಪನಿಯ ಸಿಮ್ ಬೇಕಾದರೂ ಹಾಕಬಹುದೇ?’

ಪೇಟೆಯಲ್ಲಿ ಎಲ್ಲ ಕಂಪನಿಗಳ ಗೋಪುರಗಳೂ ಹತ್ತಿರದಲ್ಲಿರುವುದರಿಂದ ಈ ಪ್ರಶ್ನೆ ಅಷ್ಟು ಮುಖ್ಯವೆನಿಸದು. ಮಲೆನಾಡಿನ ಮಾತೇ ಬೇರೆ. ಇಲ್ಲಿ ತೋಟ ಕಣಿವೆಯಲ್ಲಿ, ಮನೆ ತೋಟದ ಮೇಲಂಚಿನಲ್ಲಿ, ಸುತ್ತ ಗುಡ್ಡ ಮತ್ತು ಕಾಡು. ರೇಡಿಯೋ ಅಲೆಗಳನ್ನು ಗುಡ್ಡ ತಡೆಯುತ್ತದೆ. ಮಳೆಯಲ್ಲಿ ತೊಯ್ದ ಎಲೆಗಳು ಮತ್ತಷ್ಟು ಕುಗ್ಗಿಸುತ್ತವೆ. ಹೀಗಾಗಿ ಒಂದು ಕೇರಿಯಲ್ಲಿ ಒಂದು ಕಂಪನಿಯ ಸಂಕೇತ ಸಿಕ್ಕರೆ, ಗುಡ್ಡದಾಚೆಯ ಕೇರಿಯಲ್ಲಿ ಇನ್ನೊಂದರದು. ಸಿಮ್ ಬದಲಿಸುವ ಸ್ವಾತಂತ್ರ್ಯ ಇಲ್ಲಿ ಶೋಕಿಯಲ್ಲ, ಅಗತ್ಯ. ಆ ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳುವುದು ಬೀಗ ಹಾಕಿದ ಫೋನು.

ಬೀಗ ಇರುವುದೆಲ್ಲಿ?

ಈ ಬೀಗ ಕಣ್ಣಿಗೆ ಕಾಣುವಂಥದಲ್ಲ. ಅದು ಫೋನಿನೊಳಗಿನ ತಂತ್ರಾಂಶದಲ್ಲಿರುತ್ತದೆ. ಪ್ರತಿ ಸಿಮ್ ಕಾರ್ಡಿನಲ್ಲೂ ಸಾಮಾನ್ಯವಾಗಿ 15 ಅಂಕೆಗಳ ಒಂದು ಗುರುತು ಸಂಖ್ಯೆ ಅಡಗಿರುತ್ತದೆ. ಇದು ನಾವು ಒತ್ತುವ ದೂರವಾಣಿ ಸಂಖ್ಯೆಯಲ್ಲ. ಅದರ ಮೊದಲ ಮೂರು ಅಂಕೆಗಳು ದೇಶವನ್ನು ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405 ಮೀಸಲಾಗಿವೆ. ನಂತರದ ಎರಡು ಅಥವಾ ಮೂರು ಅಂಕೆಗಳು ಕಂಪನಿಯನ್ನು ಸೂಚಿಸುತ್ತವೆ. ಬೀಗವಿರುವ ಫೋನು ಸಿಮ್ ಹಾಕಿದೊಡನೆ ಈ ಅಂಕೆಗಳನ್ನು ಓದಿ ತನ್ನ ಒಡೆಯನದೇ ಎಂದು ತಾಳೆ ನೋಡುತ್ತದೆ. ಹೊಂದದಿದ್ದರೆ ಆ ಸಿಮ್ಮನ್ನು ಒಪ್ಪುವುದಿಲ್ಲ. ಯಂತ್ರ ಕೆಟ್ಟಿರುವುದಿಲ್ಲ, ಅದಕ್ಕೆ ಹಾಗೆ ಆಜ್ಞೆಯಾಗಿರುತ್ತದೆ, ಅಷ್ಟೆ.

ಐನೂರಾ ಒಂದು ರೂಪಾಯಿಯ ಮೋಡಿ

ನಮ್ಮ ದೇಶದಲ್ಲಿ ಇಂಥ ಕಟ್ಟುಪಾಡಿನ ಫೋನು ಮನೆಮಾತಾದದ್ದು 2003ರ ಮಳೆಗಾಲದಲ್ಲಿ. ರಿಲಯನ್ಸ್ ಇನ್ಫೋಕಾಂ ಕಂಪನಿ ‘ಮಾನ್ಸೂನ್ ಹಂಗಾಮಾ’ ಎಂಬ ಹೆಸರಿನಲ್ಲಿ ಆರಂಭಕ್ಕೆ ಕೇವಲ 501 ರೂಪಾಯಿ ಪಡೆದು ಫೋನು ಕೊಟ್ಟಿತು. ಅದು ಸಿಡಿಎಂಎ ಎಂಬ ತಂತ್ರದ್ದು. ಅದರಲ್ಲಿ ಸಿಮ್ ಕಾರ್ಡೇ ಇರಲಿಲ್ಲ. ಸಂಖ್ಯೆಯನ್ನು ಫೋನಿನೊಳಗೇ ಬರೆದಿಡಲಾಗುತ್ತಿತ್ತು. ಕೈಯಲ್ಲಿ ಫೋನು ಹಿಡಿಯುವುದು ಸಿರಿವಂತರ ಹಕ್ಕೆಂಬ ಭಾವನೆಯನ್ನು ಅಳಿಸಿದ್ದರಲ್ಲಿ ಆ ಯೋಜನೆಯ ಪಾಲು ದೊಡ್ಡದು. ಆದರೆ 2017ರ ಕೊನೆಗೆ ಆ ಸಮೂಹದ ದೂರಸಂಪರ್ಕ ಕಂಪನಿ ಮೊಬೈಲ್ ಕರೆಗಳ ಸೇವೆಯನ್ನೇ ನಿಲ್ಲಿಸಿತು. ಒಂದೇ ಕಂಪನಿಗೆ ಕಟ್ಟುಬಿದ್ದ ಫೋನಿನ ಆಯುಷ್ಯ, ಆ ಕಂಪನಿಯ ಸೇವೆಯ ಆಯುಷ್ಯಕ್ಕಿಂತ ಹೆಚ್ಚಿರಲಾರದು.

ಅದೇ 2017ರಲ್ಲಿ ಬಂದದ್ದು ಜಿಯೋಫೋನ್. 1500 ರೂಪಾಯಿ ಠೇವಣಿ ಇಟ್ಟರೆ ಫೋನು ಕೈಗೆ. ಮೂರು ವರ್ಷದ ನಂತರ ಷರತ್ತಿನ ಪ್ರಕಾರ ಹಿಂದಿರುಗಿಸಿದರೆ ಹಣ ವಾಪಸು ಎಂಬುದು ಕರಾರು. 2023ರ ಜುಲೈನಲ್ಲಿ 999 ರೂಪಾಯಿಯ ಜಿಯೋಭಾರತ್ ಬಂತು. ಎರಡಕ್ಕೂ ಜಿಯೋ ಸಿಮ್ ಮಾತ್ರ ಆಗುತ್ತದೆ.

ಲಾಭ ಯಾರಿಗೆ?

ಬೀಗವೆಂದೊಡನೆ ಮೋಸವೆಂದು ತೀರ್ಮಾನಿಸುವುದು ಸರಿಯಲ್ಲ. ಕಂಪನಿ ಫೋನನ್ನು ಅಗ್ಗಕ್ಕೆ ಕೊಟ್ಟು, ಮುಂದಿನ ತಿಂಗಳುಗಳ ರೀಚಾರ್ಜಿನಲ್ಲಿ ಆ ಹಣವನ್ನು ತುಂಬಿಕೊಳ್ಳುತ್ತದೆ. ಗಿರಾಕಿ ಮರುದಿನವೇ ಬೇರೆ ಕಂಪನಿಗೆ ಹಾರಿದರೆ ಅದಕ್ಕೆ ನಷ್ಟ. ಹಾಗಾಗಿಯೇ ಬೀಗ. ದಿನಗೂಲಿಯ ಮನೆಯೊಂದಕ್ಕೆ ಮೊದಲ ಫೋನು ಬಂದದ್ದು ಈ ಏರ್ಪಾಟಿನಿಂದಲೇ ಆಗಿದ್ದರೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಎಲ್ಲವನ್ನೂ ಕಂಪನಿಯೇ ಹೊಂದಿಸಿಟ್ಟಿರುವುದರಿಂದ ಅಜ್ಜ ಅಜ್ಜಿಯರಿಗೂ ಬಳಸಲು ಸುಲಭ.

ನಷ್ಟದ ಲೆಕ್ಕ ತಿಳಿಯುವುದು ಆಮೇಲೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಮಲೆನಾಡಿನ ವಿದ್ಯಾರ್ಥಿಗಳು ಸಂಕೇತ ಹುಡುಕಿ ಗುಡ್ಡ ಹತ್ತಿದರು. ಅಂಥ ಹೊತ್ತಿನಲ್ಲಿ ಪಕ್ಕದ ಮನೆಯವರ ಸಿಮ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಬೀಗವಿರುವ ಫೋನಿಗೆ ಅದು ಉಪಯೋಗಕ್ಕೆ ಬಾರದು. ಹಾಸ್ಟೆಲ್ ಸೇರಿದ ಮಗಳ ಊರಿನಲ್ಲಿ ಆ ಕಂಪನಿಯ ಸಂಕೇತ ದುರ್ಬಲವಾಗಿದ್ದರೆ ಫೋನನ್ನೇ ಬದಲಿಸಬೇಕು. ದೇಶದಾದ್ಯಂತ 2011ರ ಜನವರಿ 20ರಿಂದ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ಗಿರಾಕಿಗೆ ದೊರೆತಿದೆ. ಸಂಖ್ಯೆಗೆ ಸಿಕ್ಕ ಈ ಬಿಡುಗಡೆ ಬೀಗವಿರುವ ಫೋನಿಗೆ ಸಿಕ್ಕಿಲ್ಲ.

ಈ ಲೆಕ್ಕಾಚಾರ ಅಡಿಕೆ ಬೆಳೆಗಾರರಿಗೆ ಹೊಸದೇನಲ್ಲ. ಮುಂಗಡ ಸಾಲ ಕೊಟ್ಟ ದಲಾಲಿಯ ಅಂಗಡಿಗೇ ಬೆಳೆ ಹಾಕಬೇಕಾದ ಸಂಕಟ ಹಿಂದಿನ ತಲೆಮಾರಿಗೆ ಗೊತ್ತಿತ್ತು. ಸಾಲ ಸಿಕ್ಕಿದ್ದು ಅನುಕೂಲವೇ. ಆದರೆ ದರ ಹೇಳುವವನು ಮತ್ತೊಬ್ಬ. ಶಿರಸಿಯಲ್ಲಿ 1923ರಲ್ಲಿ ತೋಟಗಾರರು ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡದ್ದು ಇಂಥ ಪರಾಧೀನತೆಯಿಂದ ಹೊರಬರಲೆಂದೇ.

ಹೊರದೇಶಗಳು ಕಂಡುಕೊಂಡ ದಾರಿ

ಕೆನಡಾ 2017ರ ಡಿಸೆಂಬರಿನಿಂದ, ಬ್ರಿಟನ್ 2021ರ ಡಿಸೆಂಬರಿನಿಂದ, ಕಂಪನಿಗಳು ಬೀಗ ಹಾಕಿದ ಫೋನು ಮಾರುವುದನ್ನು ನಿಷೇಧಿಸಿವೆ. ಅಮೆರಿಕದಲ್ಲಿ ನಿಷೇಧವಿಲ್ಲ. ಕಂತು ತೀರಿದ ಮೇಲೆ ಅಥವಾ ಗೊತ್ತುಪಡಿಸಿದ ಅವಧಿ ಕಳೆದ ಮೇಲೆ ಬೀಗ ತೆಗೆಸಿಕೊಳ್ಳುವ ಕ್ರಮ ಅಲ್ಲಿದೆ. ವಿದೇಶದಲ್ಲಿರುವ ಮಕ್ಕಳು ತಮ್ಮ ಹಳೆಯ ಫೋನನ್ನು ಊರಿಗೆ ತಂದುಕೊಡುವುದು ಈಗ ಮಾಮೂಲು. ಬೀಗ ತೆಗೆಸದೇ ತಂದರೆ, ಎಷ್ಟೇ ದುಬಾರಿ ಫೋನಾದರೂ ಇಲ್ಲಿನ ಸಿಮ್ಮಿಗೆ ಜಪ್ಪೆನ್ನದು.

ಕೊಳ್ಳುವ ಮುನ್ನ

ಫೋನಿಗೆ ಬೀಗವಿದೆಯೇ, ಇದ್ದರೆ ಎಷ್ಟು ಕಾಲಕ್ಕೆ, ತೆಗೆದುಕೊಡುವವರು ಯಾರು, ಠೇವಣಿ ಮರಳಲು ಷರತ್ತೇನು ಎಂಬುದನ್ನು ಪಾಲಕರು ಬರಹದಲ್ಲೇ ನೋಡಿಕೊಳ್ಳಬೇಕು. ಆ ಕಂಪನಿಯ ಸಿಮ್ಮನ್ನು ಪರಿಚಿತರ ಫೋನಿನಲ್ಲಿ ಹಾಕಿ ಮನೆಯ ಜಗಲಿಯಲ್ಲಿ, ಮಕ್ಕಳು ಓದುವ ಕೋಣೆಯಲ್ಲಿ, ಶಾಲೆಯ ಬಳಿ ಪರೀಕ್ಷಿಸುವುದು ಲೇಸು. ಮಳೆಯ ದಿನವೂ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಬೀಗ ತೆಗೆದ ಮಾತ್ರಕ್ಕೆ ಎಲ್ಲ ಕಂಪನಿಯ ಸಂಕೇತವೂ ಸಿಗುತ್ತದೆಂದಿಲ್ಲ. ಆ ಕಂಪನಿ ಬಳಸುವ ತರಂಗಾಂತರವನ್ನು ಹಿಡಿಯುವ ಶಕ್ತಿಯೂ ಫೋನಿಗೆ ಇರಬೇಕು.

ಮನೆಯಲ್ಲಿ ಇನ್ನೊಂದು ಫೋನು ಇದ್ದು, ಆ ಕಂಪನಿಯ ಸಂಕೇತ ಗಟ್ಟಿಯಾಗಿದ್ದರೆ ಬೀಗದ ಫೋನಿನಿಂದ ತೊಂದರೆ ಕಡಿಮೆ. ಇಡೀ ಮನೆಗೆ ಅದೊಂದೇ ಎಂದಾದರೆ, ಮಳೆಗಾಲದ ರಾತ್ರಿ ವೈದ್ಯರನ್ನು ಕರೆಯಬೇಕಾದದ್ದೂ ಅದರಿಂದಲೇ. ಅಂಥ ಮನೆಯವರು ಕೆಲವು ನೂರು ರೂಪಾಯಿ ಹೆಚ್ಚು ಕೊಟ್ಟು ಬೀಗವಿಲ್ಲದ ಫೋನನ್ನೇ ಆರಿಸಿಕೊಳ್ಳುವುದು ಜಾಣತನ.