ಎಲ್ಲವೂ ಜೀನಿನಲ್ಲೇ ಬರೆದಿದೆಯೇ?

ಮಗು ಹಟ ಮಾಡಿದರೆ ‘ಅಜ್ಜನ ರಕ್ತ’ ಎನ್ನುತ್ತೇವೆ. ಲೆಕ್ಕದಲ್ಲಿ ಹಿಂದೆ ಬಿದ್ದರೆ ‘ತಾಯಿಯ ಕಡೆಯಿಂದ ಬಂದದ್ದು’ ಎಂದು ತೀರ್ಪು ಕೊಡುತ್ತೇವೆ. (ಇಂತಹ ತೀರ್ಪು ಹೆಚ್ಚಾಗಿ ತಾಯಿಯ ಕಡೆಗೇ ಏಕೆ ವಾಲುತ್ತದೆಂದು ನೀವೇ ಯೋಚಿಸಿ.) ರಕ್ತ ಎಂಬ ಹಳೆಯ ಮಾತಿನ ಜಾಗಕ್ಕೆ ಈಗ ಜೀನ್ ಬಂದಿದೆ, ಅಷ್ಟೆ. ಬುದ್ಧಿಯ ಜೀನ್, ಸಿಟ್ಟಿನ ಜೀನ್, ಬೊಜ್ಜಿನ ಜೀನ್ ಎಂಬ ಸುದ್ದಿಗಳನ್ನು ನೀವೂ ಓದಿರಬಹುದು. ಇವೆಲ್ಲ ನಿಜಕ್ಕೂ ಜೀನಿನಲ್ಲಿ ಬರೆದಿವೆಯೇ?

ಜೀನಿಗೆ ಒಂದು ಸಂಕೇತ ಭಾಷೆ ಇರುವುದು ನಿಜ. 1960ರ ದಶಕದಲ್ಲಿ ವಿಜ್ಞಾನಿಗಳು ಅದನ್ನು ಬಿಡಿಸಿದರು. ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಆ ಕೆಲಸಕ್ಕಾಗಿ 1968ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಡಿಎನ್‌ಎಯ ಮೂರು ಮೂರು ಅಕ್ಷರಗಳು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಅವುಗಳನ್ನು ಪೋಣಿಸಿದರೆ ಪ್ರೋಟೀನ್. ಸಂಕೇತ ಅಲ್ಲಿಗೆ ಮುಗಿಯಿತು. ಆ ಪಟ್ಟಿಯಲ್ಲಿ 20 ಅಮೈನೋ ಆಮ್ಲಗಳಿವೆ, ‘ನಿಲ್ಲಿಸು’ ಎಂಬ ಸೂಚನೆಯಿದೆ. ಬುದ್ಧಿ, ಸಿಟ್ಟು, ಎತ್ತರ ಎಂಬ ಪದಗಳಿಲ್ಲ.

ಹಾಗಾದರೆ ಪ್ರೋಟೀನಿನಿಂದ ಗುಣದವರೆಗಿನ ದಾರಿ ಎಷ್ಟು ದೂರ? ನಾರ್ವೆಯ ಒಬ್ಬ ತಾಯಿಯ ಕಥೆ ಕೇಳಿ. ಹುಟ್ಟುವಾಗ ಚೆನ್ನಾಗಿಯೇ ಇದ್ದ ಆಕೆಯ ಇಬ್ಬರು ಮಕ್ಕಳು ಬೆಳೆಯುತ್ತಾ ಬುದ್ಧಿಮಾಂದ್ಯರಾದರು. ಅವರ ಮೈಯಿಂದ ವಿಚಿತ್ರವಾದ ವಾಸನೆ ಬರುತ್ತಿತ್ತು. ಅನೇಕ ವೈದ್ಯರ ಬಳಿ ಅಲೆದ ಆಕೆ, 1934ರಲ್ಲಿ ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರನ್ನು ಕಂಡಳು. ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿತು. ಇದೇ ಮುಂದೆ ಫೀನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು, ಎಂದು ಹೆಸರಾದ ಕಾಯಿಲೆ.

ಆಹಾರದಲ್ಲಿರುವ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಕರಗಿಸುವ ಕಿಣ್ವ ಈ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ಕಾರಣ, 12ನೇ ಕ್ರೋಮೋಸೋಮಿನಲ್ಲಿರುವ ಒಂದು ಜೀನಿನ ದೋಷ. ತಂದೆ, ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಕಾಯಿಲೆ. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಈ ಸಾಧ್ಯತೆ ಹೆಚ್ಚು. ಫೀನೈಲ್‌ಅಲನಿನ್ ಇರುವುದಾದರೂ ಎಲ್ಲಿ? ಹಾಲು, ಬೇಳೆ, ಮೊಟ್ಟೆ, ಮಾಂಸ, ಅಂದರೆ ಮಕ್ಕಳ ಹಿಂದೆ ಓಡಿ ಓಡಿ ನೀವು ತಿನ್ನಿಸುವುದರಲ್ಲೆಲ್ಲ! ಅದೇ ಅವರ ರಕ್ತದಲ್ಲಿ ಸೇರುತ್ತಾ ಸೇರುತ್ತಾ ಮಿದುಳನ್ನು ಹಾಳುಗೆಡವುತ್ತದೆ.

1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಆ ಅಂಶ ತೀರಾ ಕಡಿಮೆ ಇರುವ ಆಹಾರವನ್ನು ಒಂದು ಪುಟ್ಟ ಹುಡುಗಿಗೆ ಕೊಟ್ಟು ನೋಡಿದರು. ಅವಳು ಚೇತರಿಸಿಕೊಳ್ಳತೊಡಗಿದಳು. ಇಂದು ಹುಟ್ಟಿದ ಕೆಲವೇ ದಿನಗಳಲ್ಲಿ ಇಂತಹ ಪಥ್ಯ ಆರಂಭಿಸಿ ಜೀವನವಿಡೀ ಪಾಲಿಸಿದರೆ ಮಗು ಎಲ್ಲರಂತೆ ಶಾಲೆಗೆ ಹೋಗಿ ಕಲಿಯುತ್ತದೆ. ಜೀನ್ ಬದಲಾಗಿಲ್ಲ, ಬದಲಾದದ್ದು ತಟ್ಟೆ. ಹಾಗಿರುವಾಗ ಅದನ್ನು ‘ಬುದ್ಧಿಮಾಂದ್ಯದ ಜೀನ್’ ಎಂದು ಕರೆಯುವುದು ಹೇಗೆ?

ಇನ್ನೊಂದು ವಿಷಯ ಇದಕ್ಕಿಂತ ಸೋಜಿಗದ್ದು. ಈ ಕಾಯಿಲೆಯಿರುವ ಹೆಣ್ಣುಮಗಳು ಬಸುರಿಯಾದಾಗ ಪಥ್ಯ ಬಿಟ್ಟರೆ, ಅವಳ ರಕ್ತದಲ್ಲಿ ಏರಿದ ಫೀನೈಲ್‌ಅಲನಿನ್ ಹೊಟ್ಟೆಯೊಳಗಿನ ಶಿಶುವಿನ ಮಿದುಳಿಗೆ ಪೆಟ್ಟು ಕೊಡುತ್ತದೆ. ಶಿಶುವಿಗೆ ಕಾಯಿಲೆ ಇಲ್ಲದಿದ್ದರೂ! ಅದಕ್ಕೇ ಗರ್ಭ ಧರಿಸುವ ಮೊದಲೇ ಪಥ್ಯ ಬಿಗಿಗೊಳಿಸಬೇಕೆಂದು ವೈದ್ಯರು ಹೇಳುವುದು.

ಜೀನಿಗೆ ಲೆಕ್ಕವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದೋಷವಿಲ್ಲದವರಿಗೆ ಈ ಪಥ್ಯದ ಅಗತ್ಯವೇ ಇಲ್ಲ.

ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಪಿಕೆಯು ಪತ್ತೆಯಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ರೂಪಿಸಿದ ಪರೀಕ್ಷೆಯಿಂದ ಇದು ಆರಂಭವಾಯಿತು. ಅನೇಕ ದೇಶಗಳಲ್ಲಿ ನವಜಾತ ಶಿಶುಗಳಿಗೆಲ್ಲ ಇದನ್ನು ಮಾಡುತ್ತಾರೆ. ನಮ್ಮಲ್ಲಿ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ತಾನಾಗಿ ಮಾಡುವುದಿಲ್ಲ. ಬುದ್ಧಿ ಬೆಳೆಯದೆ ಕಾರಣವೂ ತಿಳಿಯದೆ ಉಳಿದ ಮಕ್ಕಳು ಕುಟುಂಬದಲ್ಲಿದ್ದರೆ, ಹೆರಿಗೆಗೆ ಮೊದಲೇ ವೈದ್ಯರಿಗೆ ಹೇಳಿ, ಕೇಳಿ ಮಾಡಿಸಿಕೊಳ್ಳಿ.